ಎಂಟೂವರೆಯ ಕಟ್ಟಳೆ

ಕಡವಾಡದಲ್ಲಿ ಹೊಲಿಗೆ ಶೆಡ್ಡು ನಡೆಸುವ ಭಾರತಿಗೆ ತನ್ನ ಶಿಸ್ತಿನ ಬಗ್ಗೆ ಬಹಳ ಹೆಮ್ಮೆ. ದೇವರ ಮುಂದೆ ನಿಂತಾಗ ಮಾತ್ರ ಅದನ್ನು ಸ್ವಲ್ಪ ಮುಚ್ಚಿಡುತ್ತಿದ್ದಳು.

ಹೊಲಿಯಲು ಬರುವ ಹೆಂಗಸರು ಗಡಿಯಾರ ನೋಡುವವರಲ್ಲ. ಕೈಗಾಕ್ಕೆ ಹೋಗುವ ಕಂಪನಿ ಬಸ್ಸು ಹಾರ್ನ್ ಹಾಕಿದರೆ ಗಂಜಿಗೆ ಕೂರುವುದು, ಉಂಡಾದ ಮೇಲೆ ಹೊರಡುವುದು. ಬಸ್ಸು ತಡವಾದರೆ ಇವರೂ ತಡ. ಮೀನುಗಾರರ ಮನೆಯ ನೀಲಾ ಅಂತೂ ಮನೆಯ ಮೀನೆಲ್ಲ ಕೊಯ್ದಿಟ್ಟು ಕೊನೆಗೆ ಬರುವವಳು. ಶಾಲೆಯ ಸಮವಸ್ತ್ರದ ಕೆಲಸ ಹಿಂದೆ ಬಿತ್ತು.

"ಬಸ್ಸೇನು ನಿಮ್ಮ ಯಜಮಾನನೇನ್ರೇ?" ಎಂದು ಭಾರತಿ ಒಂದು ದಿನ ರೇಗಿದಳು. "ನಾಳೆಯಿಂದ ಎಂಟೂವರೆ ಅಂದ್ರೆ ಎಂಟೂವರೆ. ತಡ ಮಾಡ್ದವ್ರು ಚಾ ಹೊತ್ತಿನವರೆಗೆ ಹೊರಗೆ ಜಗಲಿ ಮೇಲೆ ಕೂತ್ಕಳುದು. ಯಾರೇ ಇರ್ಲಿ."

ಮರುದಿನ ನೀಲಾ ಹೊರಗೆ ಕೂತಳು. ದಾರಿಯಲ್ಲಿ ಹೋಗುವವರೆಲ್ಲ "ಎಂತ ಆಯ್ತೇ?" ಎಂದು ಕೇಳಿದರು. ಆಮೇಲೆ ಎಲ್ಲರ ಮೊಬೈಲಿನಲ್ಲೂ ಅಲಾರಾಂ. ಭಾರತಿ ಸಂತೋಷಕ್ಕೆ ದೇವರಿಗೆ ಒಂದು ಕಾಯಿ ಹೆಚ್ಚು ಒಡೆದಳು.

ಮುಂದಿನ ವಾರ ಕಂಪನಿಗೊಂದು ರಜೆ ಬಂತು. ಅಂದು ಪೂಜೆಗೆ ಕೂತ ಭಾರತಿ ಹೂ ಏರಿಸಿದಳು, ಸ್ತೋತ್ರ ಹೇಳಿದಳು, ಮುಗಿದ ಮೇಲೆ ಇನ್ನೊಂದು ಹೇಳಿದಳು. ಇವತ್ತು ಮನಸ್ಸು ಎಷ್ಟು ನೆಮ್ಮದಿಯಾಗಿದೆ, ಎಲ್ಲ ಅವನ ದಯೆ ಎಂದುಕೊಂಡಳು. ದಿನವೂ ತಾನು ಮಂಗಳಾರತಿ ಎತ್ತುತ್ತಿದ್ದುದು ಅದೇ ಬಸ್ಸಿನ ಹಾರ್ನ್ ಕೇಳಿ, ಇವತ್ತು ಬಸ್ಸೇ ಇಲ್ಲ ಎಂಬುದು ಹೊಳೆಯುವಷ್ಟರಲ್ಲಿ ಬಿಸಿಲು ದೇವರಕೋಣೆಗೆ ಬಂದಿತ್ತು.

ಬೀಗದ ಕೈ ಹಿಡಿದು ಓಡಿದಳು. ಹೆಂಗಸರೆಲ್ಲ ಜಗಲಿಯಲ್ಲಿ ಕಾಯುತ್ತಿದ್ದರು. ಯಾರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. ಬಾಗಿಲು ತೆಗೆದಳು, ಅವರು ಒಳಗೆ ಹೋದರು. ಹಿಂದೆಯೇ ತಾನೂ ಹೆಜ್ಜೆ ಎತ್ತಿದಳು. ಒಂದು ಮಿಷನ್ನೂ ಸದ್ದು ಮಾಡಲಿಲ್ಲ. ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು. ಈ ಕಾಲು ಹೊಸ್ತಿಲು ದಾಟಿದರೆ ನಾಳೆಯಿಂದ ತನ್ನ ಮಾತು ಇಲ್ಲಿ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ದೇವ್ರ ಪೂಜೆ ಮಾರಾಯ್ತಿ, ತಡ ಆಗೋಯ್ತು..."

"ನಾನೂ ಆವತ್ತು ಮನೆಯವ್ರ ಊಟಕ್ಕೇ ಮೀನು ಕೊಯ್ತಾ ಇದ್ದೆ ಭಾರತಕ್ಕಾ. ಆಟ ಆಡ್ತಾ ಇರ್ಲಿಲ್ಲ," ಎಂದಳು ನೀಲಾ, ಮೆಲ್ಲಗೆ.

ಭಾರತಿ ಹಿಂದೆ ಸರಿದು ಜಗಲಿಯಲ್ಲಿ ಕೂತಳು. ಒಳಗೆ ಮಿಷನ್ನುಗಳು ಸದ್ದು ಹಿಡಿದವು. ನೀಲಾ ಒಂದು ಹೊರೆ ಅಂಗಿ, ಸೂಜಿ, ದಾರ ತಂದು ಅವಳ ಮಡಿಲಿಗೆ ಹಾಕಿದಳು. "ಸುಮ್ನೆ ಎಂತಕ್ಕೆ ಕೂತ್ಕಳುದು? ಗುಂಡಿ ಹಚ್ಚಿ."

ತರಕಾರಿ ಮಾರುವ ತಿಮ್ಮಿ ದಾರಿಯಲ್ಲೇ ನಿಂತಳು. "ಎಂತ ಆಯ್ತು ಭಾರತಕ್ಕಾ? ಯಾರು ಹೊರಗೆ ಹಾಕ್ದದ್ದು ನಿಮ್ಮನ್ನ?"

"ನಾನೇ," ಎಂದಳು ಭಾರತಿ.

ತಿಮ್ಮಿಗೆ ಅಷ್ಟರಲ್ಲಿ ತೃಪ್ತಿಯಾಗುವಂತಿರಲಿಲ್ಲ. ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತಳು. ಭಾರತಿ ಸ್ತೋತ್ರದಿಂದ ಸುರುಮಾಡಿ ಹೇಳತೊಡಗಿದಳು. ಒಳಗೆ ಮಿಷನ್ನುಗಳು ಕಿವಿಗೊಟ್ಟಂತೆ ಒಂದೊಂದಾಗಿ ನಿಂತವು.