ಮೂಲೆಯ ಬಿಸಿ

ಮದ್ದೂರಿನ ನಮ್ಮ ಶೆಡ್ಡಿನಲ್ಲಿ ನಾವು ಮಾಡುವುದು ಬೆಲ್ಲ ತುಂಬುವ ಪ್ಲಾಸ್ಟಿಕ್ ಡಬ್ಬಿ. ಕರಗಿದ ಪ್ಲಾಸ್ಟಿಕ್ಕನ್ನು ಯಂತ್ರವು ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬುತ್ತದೆ. ಅಚ್ಚಿನ ಹೊರಭಾಗದಲ್ಲೂ ಒಳಭಾಗದಲ್ಲೂ ಕೊರೆದ ತೂತುಗಳೊಳಗೆ ನೀರು ಓಡಿ ಬಿಸಿಯನ್ನು ಎಳೆದುಕೊಳ್ಳುತ್ತದೆ, ಡಬ್ಬಿ ಗಟ್ಟಿಯಾಗಿ ಹೊರಬೀಳುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಹೊಸ ಅಚ್ಚಿನಿಂದ ಬಂದ ಚೌಕ ಡಬ್ಬಿಗಳ ಗೋಡೆಗಳು ಹಸಿದ ಹೊಟ್ಟೆಯಂತೆ ಒಳಕ್ಕೆ ಬಗ್ಗಿ, ಮುಚ್ಚಳ ಕೂರದೆ ನನ್ನ ಪ್ರಾಣ ತಿಂದವು.

ಅಚ್ಚು ಮಾಡಿದವರು ಮಳವಳ್ಳಿಯ ಒಬ್ಬ ಸಾಬರು. ಎಲ್ಲರಿಗೂ ಅವರು ಮೇಸ್ತ್ರಿ. ಉಕ್ಕು ಕಡೆಯುವ ಲೇತಿನ ಮುಂದೆಯೇ ಕೂದಲು ನರೆತ ಮನುಷ್ಯ. ಈ ಸೀಮೆಯಲ್ಲಿ ಅವರ ಕೈ ಎಂದರೆ ಕೈ. ಡಬ್ಬಿ ಸೊಟ್ಟಗಾದದ್ದೇ ತಡ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದೇ ಮಾತು: "ಮೇಸ್ತ್ರಿ ಕೈ ಓಯ್ತು ಬುಡ್ಲಾ." ಬೇರೆ ಅಚ್ಚಿನ ಕೆಲಸ ಕೊಡಬೇಕಿದ್ದವರೂ ಹಿಂದೆ ಸರಿದರು. ಮೇಸ್ತ್ರಿ ನನ್ನ ಮುಂದೆ ಬಂದು ನಿಂತು, "ಅಳತೆ ನೋಡ್ಕಳ್ರಮ್ಮ. ಒಂದ್ ಕೂದ್ಲೆಳೆ ಎಚ್ಚುಕಮ್ಮಿ ಇದ್ರೂ ಅಚ್ಚನ್ನ ಗುಜರಿಗಾಕ್ಬುಡಿ, ನಾನೂ ಲೇತು ಮಾರ್ಬುಡ್ತೀನಿ" ಎಂದರು. ಅಳತೆ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಎಲ್ಲಿದೆ ಎಂದು ತಿಳಿಯದೆ ನನಗೆ ಇನ್ನೂ ಸಿಟ್ಟು ಬಂತು.

ಅವರ ಮಗಳು ಮಂಡ್ಯದಲ್ಲಿ ಎಂಜಿನಿಯರಿಂಗ್ ಪಾಠ ಹೇಳುವವಳು. ಬಿಸಿ ಯಾವ ದಾರಿ ಹಿಡಿದು ಹೊರಟುಹೋಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಅವಳ ವಿದ್ಯೆ. ಅಪ್ಪನ ಪಾಡು ಕೇಳಿ ನನಗೆ ಫೋನು ಮಾಡಿ, ಅಚ್ಚಿನ ನಕ್ಷೆ, ನೀರಿನ ಬಿಸಿ, ಪ್ಲಾಸ್ಟಿಕ್ಕಿನ ಬಿಸಿ ಎಲ್ಲ ಕೇಳಿಕೊಂಡಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ತಪ್ಪು ನಿಮ್ಮಪ್ಪಂದೇ ಆದ್ರೆ ಏನವ್ವ ಮಾಡ್ತೀಯ?" ಎಂದೆ.

"ಅಬ್ಬಂದಾದ್ರೆ ಅಬ್ಬಂದು ಅಂತೀನಿ ಅಕ್ಕ. ಲೆಕ್ಕಕ್ಕೆ ಅಪ್ಪ ಅಮ್ಮ ಎಲ್ಲಿ?" ಎಂದಳು. ಅಬ್ಬಬ್ಬಾ, ಎಂಥ ಹುಡುಗಿಯಪ್ಪ ಎಂದುಕೊಂಡೆ.

ಕೆಲವು ದಿನ ಬಿಟ್ಟು ಬಸ್ಸಿಳಿದು ಬಂದಳು. ಮುಖ ಗಂಟಿಕ್ಕಿತ್ತು. ಅವಳ ಲೆಕ್ಕದ ಡಬ್ಬಿಯೂ ಬಗ್ಗುತ್ತದೆ, ಆದರೆ ನಮ್ಮದರಷ್ಟಲ್ಲ. ಬೇರೆಯವರಾಗಿದ್ದರೆ ಅಂಕಿಗಳನ್ನು ಅತ್ತಿತ್ತ ಜಗ್ಗಿ ಹೊಂದಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವಳು, "ನೀವು ಹೇಳ್ದೆ ಇರೋದು ಏನೋ ಒಂದಿದೆ ಅಕ್ಕ. ಯಂತ್ರ ಓಡ್ಸಿ, ನೋಡ್ತೀನಿ" ಎಂದು ಎದುರಿಗೇ ಕುರ್ಚಿ ಹಾಕಿಕೊಂಡು ಕೂತಳು. ಆ ಹಟ ನನಗೆ ಬಹಳ ಹಿಡಿಸಿತು.

ನಾನೂ ನಮ್ಮಲ್ಲಿ ಕೆಲಸ ಮಾಡುವ ಹೆಂಗಸರೂ ಆಲೆಮನೆಯಲ್ಲಿ ಬೆಳೆದವರು. ಬೆಲ್ಲ ಹೊಯ್ಯುವ ಮೊದಲು ಮರದ ಅಚ್ಚನ್ನು ನೆನೆಸುವುದು, ಒದ್ದೆ ಬಟ್ಟೆ ಹಾಸುವುದು ನಮ್ಮ ಕೈಗೆ ಅಂಟಿಕೊಂಡ ಅಭ್ಯಾಸ. ಡಬ್ಬಿ ಬಗ್ಗತೊಡಗಿದ ಮೇಲೆ ಚಿಕ್ಕರಸಿನಕೆರೆಯಿಂದ ಬರುವ ಹೆಂಗಸು ಈ ಉಕ್ಕಿನ ಅಚ್ಚಿನ ಹೊರಮೈಗೂ ಒದ್ದೆ ಗೋಣಿ ಸುತ್ತಿ, ಆಗಾಗ ನೀರು ಚಿಮುಕಿಸುತ್ತಿದ್ದಳು. ಮೇಸ್ತ್ರಿಯ ಮಗಳು ಎದ್ದು ಹೋಗಿ ಆ ಗೋಣಿಯನ್ನು ಮುಟ್ಟಿ ನೋಡಿದಳು.

"ಇದನ್ಯಾಕೆ ಹೇಳ್ಲಿಲ್ಲ?"

"ಅಯ್ಯ, ಅದ್ರಲ್ಲಿ ಯೋಳಾದೇನೈತೆ ಕಣಮ್ಮ? ಬಿಸಿ ಆದ್ರೆ ಒದ್ದೆ ಬಟ್ಟೆ ಆಕ್ತಾರಪ್ಪ!" ಎಂದಳು ನಮ್ಮ ಹೆಂಗಸು. ಎಲ್ಲರೂ ನಕ್ಕೆವು, ಮಗಳೂ ನಕ್ಕಳು.

ಗೋಣಿಯನ್ನೂ ಲೆಕ್ಕಕ್ಕೆ ಸೇರಿಸಿ, ಅಪ್ಪನನ್ನೂ ಶೆಡ್ಡಿಗೆ ಕರೆಸಿ ತೋರಿಸಿದಳು. ಪರದೆಯ ಡಬ್ಬಿ ಈಗ ನಮ್ಮ ಡಬ್ಬಿಯಷ್ಟೇ ಬಗ್ಗಿತು. ಹೊರಗೆಲ್ಲ ತಣ್ಣನೆಯ ನೀಲಿ, ಒಳಮೂಲೆಗಳಲ್ಲಿ ಮಾತ್ರ ಬಿಸಿಯ ಕೆಂಪು. "ಹೊರಗಡೆ ಬೇಗ ಗಟ್ಟಿಯಾಗುತ್ತೆ. ಒಳಮೂಲೆ ಕೊನೇಲಿ ಆರಿ ಕುಗ್ಗುವಾಗ ಗೋಡೇನ ಒಳಕ್ಕೆ ಎಳ್ಕೊಳುತ್ತೆ. ಗೋಣಿ ತೆಗೀರಿ. ಹೊರಭಾಗದ ತೂತುಗಳಲ್ಲಿ ಓಡೋ ನೀರು ಇನ್ನೂ ಸ್ವಲ್ಪ ಬೆಚ್ಚಗಿರ್ಲಿ" ಎಂದಳು. ನಾವು ತಣ್ಣಗೆ ಮಾಡಿದಷ್ಟೂ ಕೆಡುತ್ತಿತ್ತು ಅನ್ನಿ! ಸದ್ಯ, ಮೇಸ್ತ್ರಿಯ ತಪ್ಪಲ್ಲ ಎಂದು ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಅವಳು ಅಪ್ಪನ ಕಡೆ ತಿರುಗಿದಳು.

"ಅಷ್ಟೇ ಸಾಲ್ದು ಅಬ್ಬಾ. ಅಚ್ಚಿನ ಅಳತೆ ಸರಿ, ಆದ್ರೆ ಒಳಗಿನ ನೀರಿನ ತೂತು ಮೂಲೆಗೆ ದೂರ ಆಗಿದೆ. ಅದು ನಿಮ್ಮ ತಪ್ಪು."

ನನಗೆ ಅವರ ಮುಖ ನೋಡಲು ಆಗಲಿಲ್ಲ. ಮೇಸ್ತ್ರಿ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪರದೆಯ ಆ ಕೆಂಪು ಮೂಲೆಗೆ ಬೆರಳಿಟ್ಟು ನೋಡಿದರು. ಆಮೇಲೆ, "ಎಷ್ಟು ಅತ್ರ ಬರ್ಬೇಕು, ಗುರ್ತು ಆಕ್ಕೊಡು" ಎಂದು, ಅಚ್ಚು ಬಿಚ್ಚಿಸಿಕೊಂಡು ಮಳವಳ್ಳಿಗೆ ಹೋದರು.

ಅಚ್ಚು ಮರಳಿ ಬಂದಾಗ ಗೋಣಿಯಿಲ್ಲದೆ, ಬೆಚ್ಚನೆಯ ನೀರಿನಲ್ಲಿ ಯಂತ್ರ ಓಡಿಸಿದೆವು. ಗೋಡೆ ನೆಟ್ಟಗೆ ಬಂತು. ಮುಚ್ಚಳ ಟಕ್ಕನೆ ಕೂತಿತು. ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು. "ಮೇಸ್ತ್ರಿಗಳೇ, ಗೋಣಿಯಿಂದ ಕೆಟ್ಟಿತ್ತು ಅಂತ ನಾನೇ ಎಲ್ರಿಗೂ ಹೇಳ್ತೀನಿ. ನಿಮ್ಮ ತೂತಿನ ವಿಷ್ಯ ಇಲ್ಲೇ ಇರ್ಲಿ" ಎಂದೆ.

ಅವರು ಕೇಳಿದರೆ ತಾನೆ! ಅದೇ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ನೇರ ಟೀ ಅಂಗಡಿಗೆ ನಡೆದರು. ನಾನೂ ಹಿಂದೆಯೇ ಓಡಿದೆ. ಕೈ ಹೋಯಿತು ಎಂದು ಆಡಿಕೊಂಡವರ ಮುಂದೆಯೇ ಡಬ್ಬಿ ಇಟ್ಟು, ಮುಚ್ಚಳ ತೆಗೆದು ಮತ್ತೆ ಟಕ್ಕನೆ ಹಾಕಿ, ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದರು: "ತಪ್ಪು ನಂದೂ ಇತ್ತು ಕಣ್ರಪ್ಪ. ಕಂಡಿಡ್ದೋಳು ನನ್ ಮಗ್ಳು!"