ಮಣಿಕಟ್ಟಿನ ಎಂಟು ಮೂಳೆ, ಒಂದು ಚೊಂಬು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಹೊಸನಗರದ ನಮ್ಮ ಮನೆಯಲ್ಲಿ ಸೋದರತ್ತೆ ಕುಂಟಿ ನಡೆಯುವುದನ್ನು ನಾನು ನಕಲಿ ಮಾಡದ ದಿನವಿಲ್ಲ. ಅವತ್ತೂ ಬಚ್ಚಲ ಮುಂದಿನ ಹಾಸುಗಲ್ಲಿನ ಮೇಲೆ ಅವಳ ಬೆನ್ನ ಹಿಂದೆಯೇ ಕುಂಟುತ್ತಿದ್ದೆ. ಅವಳು ಜಾರಲಿಲ್ಲ. ನಾನು ಜಾರಿದೆ, ಬಲಗೈ ಊರಿಕೊಂಡು.

"ಉಳುಕು, ಮತ್ತೆಂತದೂ ಅಲ್ಲ" ಎಂದು ಅಜ್ಜಿ ತೀರ್ಪು ಕೊಟ್ಟಳು. ತಟ್ಟೆಗೆ ನೀರು ಹೊಯ್ದು, ಪಕ್ಕದಲ್ಲಿ ನನ್ನ ಕೈ ಚಾಚಿಸಿ, ಒಳಗೆ ಹುಲ್ಲು ಉರಿಸಿದ ಚೊಂಬನ್ನು ನೀರಿಗೆ ಕವುಚಿದಳು. ಗುಳುಗುಳು ಎಂದು ನೀರು ಒಳಕ್ಕೆ ಹೋಯಿತು.

"ನೋಡು, ಉಳುಕನ್ನ ಹೆಂಗೆ ಎಳ್ಕಂತು."

ಬಿಸಿ ಚೊಂಬು ಯಾರ ಕೈ ಇರಲಿ ಬಿಡಲಿ ನೀರು ಎಳೆಯುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಬಾವು ಇಳಿಯಿತು, ನೋವು ಇಳಿಯಲಿಲ್ಲ. ಅತ್ತೆಯೂ ನಾನೂ ತೊಡದೇವು ಸಿಹಿತಿಂಡಿ ಮಾಡಿ ಸಾಗರದ ಅಂಗಡಿಗೆ ಕೊಡುತ್ತೇವೆ. ಬೋರಲು ಮಡಕೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟನ್ನು ಕಾಗದದಷ್ಟು ತೆಳುವಾಗಿ ಎಳೆಯುವುದು ಪೂರಾ ಮಣಿಕಟ್ಟಿನ ಕೆಲಸ. ನನ್ನವು ಹರಿದ ಕೊಡೆಯ ಹಾಗೆ ಬರತೊಡಗಿದವು. ಆಮೇಲೆ ಅಂಗಿಯ ಗುಂಡಿ ಕೈಬಿಟ್ಟಿತು, ಬಚ್ಚಲ ಚಿಲಕ ಕೈಬಿಟ್ಟಿತು. ಅನ್ನ ಕಲಸಲೂ ಆಗದೆ ಅಜ್ಜಿಯ ಕೈತುತ್ತಿಗೆ ಬಾಯಿ ತೆರೆದು ಕೂತೆ. ಊರನ್ನೆಲ್ಲ ಆಡಿಕೊಂಡ ಬಾಯಿ ಅದೇ.

ಕೊನೆಗೆ ತೀರ್ಥಹಳ್ಳಿಗೆ ಹೋದೆ. ಡಾಕ್ಟರು ಹೆಬ್ಬೆರಳ ಬುಡದ ಕುಳಿಯನ್ನು ಮೆಲ್ಲಗೆ ಒತ್ತಿದರು. ಕಣ್ಣಲ್ಲಿ ನೀರು ಬಂತು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಂತೆ, ಎರಡು ಸಾಲು. ಆ ಕುಳಿಯ ಅಡಿಯದ್ದು ದೋಣಿಯಂಥದ್ದು. ಅದಕ್ಕೆ ರಕ್ತ ಹೆಚ್ಚಾಗಿ ಬರುವುದು ಬೆರಳ ಕಡೆಯಿಂದ. ಎಕ್ಸ್‌ರೇಯಲ್ಲಿ ನನ್ನದು ನಡುವೆ ಮುರಿದಿತ್ತು. ಹಾಗೆ ಮುರಿದರೆ ತೋಳಿನ ಕಡೆಯ ತುಂಡು ಉಪವಾಸ.

"ಸ್ಕ್ರೂ ಹಾಕಿ ಕೂಡಿಸಬೇಕು. ಬಿಟ್ರೆ ಆ ತುಂಡು ಸತ್ತು ಹೋಗಬಹುದು. ಆಮೇಲೆ ಕೈ ಮೊದಲಿನ ಹಾಗೆ ತಿರುಗಲ್ಲ."

ಮನೆಗೆ ಬಂದು ಡಾಕ್ಟರ ಮೂಗಿನ ದನಿ, ಕನ್ನಡಕ ಏರಿಸುವ ರೀತಿ ಎಲ್ಲ ಮಾಡಿ ತೋರಿಸಿದೆ, ಎಡಗೈಯಲ್ಲಿ. ಯಾರೂ ನಗಲಿಲ್ಲ.

"ಅಜ್ಜಿ, ಇನ್ನೊಂದ್ಸಲ ಚೊಂಬು ಇಟ್ಟು ನೋಡಣ. ಆಪರೇಷನ್ ಎಲ್ಲ ಬ್ಯಾಡ."

ಅಜ್ಜಿ ಚೊಂಬು ತಂದಳು. ಅತ್ತೆ ಕುಂಟುತ್ತ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ನನ್ನ ಕಡೆ ತಿರುಗಿ ಹೇಳಿದಳು:

"ದಿನಾ ನಕಲಿ ಮಾಡ್ತೀಯಲ್ಲ, ಈ ಕಾಲಿಗೂ ಇದೇ ಚೊಂಬು ಇಟ್ಟಿದ್ರು."