ಹಲಸಿನ ಹಣ್ಣಿಗೊಂದು ಟಿಕೆಟ್

ಪುತ್ತೂರಿನಲ್ಲಿ ಸುಳ್ಯದ ಸರಕಾರಿ ಬಸ್ಸು ಹತ್ತಿ ಕೂತಾಗ ನನ್ನ ಮಡಿಲಲ್ಲಿ ಗೋಣಿ ಸುತ್ತಿದ ಒಂದು ಹಲಸಿನ ಹಣ್ಣಿತ್ತು. ಕಂಡಕ್ಟರ್ ನನಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟು, ಗೋಣಿಯನ್ನು ಮುಟ್ಟಿ ನೋಡಿದರು.

"ನಿಮಗೆ ಫ್ರೀ. ಇವರಿಗೆ ಲಗೇಜ್ ಉಂಟು."

"ಇದೂ ಹೆಂಗಸೇ ಸರ್. ಹೊಟ್ಟೆ ತುಂಬ ಮಕ್ಕಳುಂಟು."

ಬಸ್ಸೆಲ್ಲ ನಕ್ಕಿತು. ಆದರೂ ಅವರು ಹತ್ತು ರೂಪಾಯಿ ಬಿಡಲಿಲ್ಲ.

ಆ ಹಣ್ಣು ನನ್ನ ಉಪ್ಪ, ಅಂದರೆ ತಂದೆ, ನೆಟ್ಟ ಮರದ್ದು. ಉಪ್ಪ ಏಲಂ, ಎಂದರೆ ಹರಾಜು, ಕೂಗುತ್ತಿದ್ದವರು. ಮಸೀದಿಯ ಅಂಗಳವಿರಲಿ, ಭಜನಾ ಮಂದಿರವಿರಲಿ, ಹರಕೆಗೆ ಬಂದ ತೆಂಗಿನಕಾಯಿ, ಕುಂಬಳಕಾಯಿ ಕೂಗಲು ಅವರೇ ಆಗಬೇಕಿತ್ತು. ನಮ್ಮ ಕಡೆಯ ಏಲಂನ ಮರ್ಯಾದೆ ಬೇರೆ. ಗೆದ್ದವರು ಹಣ ಕೊಟ್ಟು ವಸ್ತುವನ್ನು ಮನೆಗೆ ಒಯ್ಯುವುದಿಲ್ಲ. "ಇನ್ನೊಮ್ಮೆ ಕೂಗಿ" ಎಂದು ತಿರುಗಿ ಕೊಡುತ್ತಾರೆ. ಒಂದೇ ತೆಂಗಿನಕಾಯಿ ಊರಿನ ಅರ್ಧ ಜನರ ಕೈ ದಾಟಿದ್ದನ್ನು ನಾನು ಕಂಡಿದ್ದೇನೆ.

ಅಷ್ಟು ಮಾತು ಬಲ್ಲ ಉಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಕಡಬದ ಹತ್ತಿರದ ಶಾಲೆಯನ್ನು ಒಂದನೇ ಕ್ಲಾಸಿನಲ್ಲೇ ಬಿಟ್ಟವರು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡ ಮೇಲೆ ಆ ಶಾಲೆಗೆ ಹೋಗಿದ್ದೆ. ಮಕ್ಕಳ ಓದುವ ಕೋಣೆಯಲ್ಲಿ ಕಪಾಟು ಖಾಲಿ. ಉಪ್ಪನ ಹೆಸರಿನಲ್ಲಿ ಅದನ್ನು ತುಂಬುತ್ತೇನೆಂದು ಟೀಚರಿಗೆ ಮಾತು ಕೊಟ್ಟೆ. ಪುತ್ತೂರಿನ ಅಂಗಡಿಯಲ್ಲಿ ಕಥೆಪುಸ್ತಕಗಳ ಕಟ್ಟು ಆರಿಸಿ ಇಡಿಸಿದೆ. ರಜೆ ಮುಗಿದು ಶಾಲೆ ಶುರುವಾಗುವ ದಿನಕ್ಕೆ ಅದರ ಬೆಲೆ ಕೂಡಬೇಕು. ಏಲಂ ಕೂಗಿಯೇ ಕೂಡಿಸಬೇಕೆಂಬುದು ನನ್ನ ಹಟ. ಆ ದಿನ ಬರಲು ಉಳಿದದ್ದು ಒಂದೇ ರಾತ್ರಿ.

ಮೊದಲು ದಾರಿಯಲ್ಲೇ ಸಿಗುವ ಕುಂಬ್ರದಲ್ಲಿ ಇಳಿದೆ. ಉಪ್ಪನ ಗೆಳೆಯ ಇದ್ದಿನಬ್ಬ ಕಾಕ ತಮ್ಮ ಅಡಿಕೆ ಅಂಗಡಿಯ ಮುಂದೆ ಜನ ಸೇರಿಸಿದ್ದರು. ನಾನು ಹಣ್ಣನ್ನು ಸ್ಟೂಲಿನ ಮೇಲಿಟ್ಟು, "ದಯವಿಟ್ಟು ಯಾರಾದರೂ..." ಎಂದೆ.

"ಎಂತ ಮಾರಾಯ್ತಿ, ಹಲಸಿಗೆ ಜೋಗುಳ ಹಾಡುದಾ?" ಕಾಕ ಗದರಿದರು. "ನಿನ್ನ ಉಪ್ಪ ಕೂಗಿದರೆ ಹೋಗುವ ಬಸ್ಸು ನಿಲ್ತಿತ್ತು!"

ಸಿಟ್ಟಿಗೆ ಗಂಟಲು ಬಿಚ್ಚಿತು. "ನೂರು ರೂಪಾಯಿ, ಒಂದು ಸಲ!" ರಿಕ್ಷಾದವರೊಬ್ಬರು ಇನ್ನೂರು ಎಂದರು, ಕಾಕ ಮುನ್ನೂರು ಎಂದರು. ಹಣ್ಣು ಅಲ್ಲೇ ಐದಾರು ಸಲ ಮಾರಾಟವಾಗಿ ಮರಳಿ ನನ್ನ ಗೋಣಿ ಸೇರಿತು.

ಸುಳ್ಯಕ್ಕೆ ಮುಟ್ಟುವಾಗ ಗುಡುಗು ಮಳೆ. ಪೇಟೆಯ ಹೋಟೆಲೊಂದರಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡೆ. ಮಳೆಗೆ ಸಿಕ್ಕಿಬಿದ್ದ ಗಿರಾಕಿಗಳೆಲ್ಲ ನನಗೆ ಸಭೆಯಾದರು. ಹೋಟೆಲಿನ ಯಜಮಾನರು ಕೊನೆಯ ಕೂಗಿಗೆ ಗೆದ್ದು, ಹಣ್ಣನ್ನು ಮೂಸಿ ವಾಪಸ್ ಕೊಟ್ಟರು. "ಬೇಗ ಬೇಗ ಹೋಗುದು ಒಳ್ಳೇದು. ಇದು ಹೆಚ್ಚು ದಿನ ನಿಲ್ಲುದಿಲ್ಲ."

ಸಂಜೆ ಐವರ್ನಾಡು. ಅಲ್ಲಿ ರಾತ್ರಿ ಉಳಿಯಲು ಹೇಳಿದ್ದು ಉಪ್ಪನ ಪರಿಚಯದ, ರಬ್ಬರ್ ಕೃಷಿಯ ವೆಂಕಪ್ಪ ಗೌಡರು. ಅವರ ಜಗಲಿಯಲ್ಲೇ ಏಲಂ ನಡೆದು, ಅವರೇ ಗೆದ್ದರು. "ಒಳಗಿಡಿ, ಬೆಳಿಗ್ಗೆ ತಿರುಗಿ ಕೊಟ್ಟರಾಯ್ತು" ಎಂದು ನನಗೆ ಹೇಳಿದರು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಹಾಸನದ ಕಡೆಯಿಂದ ಹೊಸದಾಗಿ ಬಂದಿದ್ದ ಸೊಸೆ, ಮಾವ ದುಡ್ಡು ಕೊಟ್ಟು ಕೊಂಡ ಹಣ್ಣಲ್ಲವೇ ಎಂದು, ಅದನ್ನು ಕೊಯ್ದು ದೊಡ್ಡ ತಟ್ಟೆಯಲ್ಲಿ ತೊಳೆ ಜೋಡಿಸಿ ತಂದಿದ್ದಳು.

ಗೌಡರು ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ! ಏಲಂನ ಹಣ್ಣನ್ನು ಯಾರಾದರೂ ಕೊಯ್ಯುದುಂಟಾ?"

ಸೊಸೆಯ ಕಣ್ಣು ತುಂಬಿತು. ಪುಸ್ತಕದ ಬೆಲೆಗೆ ಇನ್ನೂ ಕಾಲುಭಾಗ ಕಮ್ಮಿಯಿತ್ತು, ಮಾರಲು ಹಣ್ಣಿಲ್ಲ. ಅಳುವುದು ನನ್ನ ಸರದಿ. ಆದರೆ ಜಗಲಿಯ ಜನ ಆಗಲೇ ಎರಡನೇ ತೊಳೆಗೆ ಕೈ ಚಾಚಿದ್ದರು, ನಾನೂ ಕೂತೆ. ಇಷ್ಟು ವರ್ಷ ಉಪ್ಪ ಕೂಗಿದ್ದರಲ್ಲಿ ಒಂದನ್ನಾದರೂ ಅವರು ತಿಂದದ್ದನ್ನು ನಾನು ನೋಡಿರಲಿಲ್ಲ. ಜೇನಿನಂಥ ಹಣ್ಣು. ಬೆಳಿಗ್ಗೆ ಹೊರಡುವಾಗ ಸೊಸೆ ಬೀಜಗಳನ್ನೆಲ್ಲ ತೊಳೆದು ಬಾಳೆಲೆಯಲ್ಲಿ ಕಟ್ಟಿ ಕೈಗಿಟ್ಟಳು. "ಇಷ್ಟೇ ಉಳಿದದ್ದು ಅಕ್ಕ, ಬೇಜಾರು ಮಾಡ್ಕೋಬೇಡಿ."

ಗೌಡರು ಜೀಪಿನಲ್ಲಿ ಶಾಲೆಗೆ ಬಿಟ್ಟರು. ಮಾವಿನೆಲೆಯ ತೋರಣ, ಹೊಸ ಯೂನಿಫಾರ್ಮಿನ ಮಕ್ಕಳು, ಅವರ ಮನೆಯವರು. ನಾನು ಒಂದು ಬೀಜವನ್ನು ಎತ್ತಿ ಹಿಡಿದೆ.

"ಹಣ್ಣು ತಿಂದು ಬೀಜ ಮಾರ್ಲಿಕ್ಕೆ ಬಂದದ್ದಾ?" ಎಂದರು ಮುಂದೆ ಕೂತಿದ್ದ ಒಬ್ಬ ಅಜ್ಜ. ಅವರ ಮೊಮ್ಮಗಳು ಅವರ ಮುಂಡಿನ ತುದಿ ಹಿಡಿದು ನಿಂತಿದ್ದಳು.

"ಹೌದು ಅಜ್ಜ. ಆದರೆ ಇದು ಬೀಜ ಅಲ್ಲ, ಮರ! ಇವತ್ತು ವಾಪಸ್ ಕೊಡುವ ಹಾಗಿಲ್ಲ. ಗೆದ್ದವರು ನೆಡಬೇಕು. ಅದು ಕಾಯಿ ಬಿಡುವಾಗ ನಿಮ್ಮ ಪುಳ್ಳಿ ಈ ಕಪಾಟಿನ ಪುಸ್ತಕ ಎಲ್ಲ ಓದಿ ಮುಗಿಸಿರ್ತಾಳೆ."

ಅಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕರು. "ಏಲಂನವರ ಮಗಳೇ ಸರಿ! ಬರಲಿ, ಇನ್ನೂರು."

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಬೀಜಗಳು ಒಂದೊಂದಾಗಿ ಹೋದವು. ಟೀಚರ್ ಎರಡು ಕೊಂಡರು, ಜೀಪಿನ ಪಕ್ಕ ನಿಂತೇ ಗೌಡರು ನಾಲ್ಕು. ಹಣ ಕೂಡಿತು, ಪುಸ್ತಕದ ಅಂಗಡಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿನಲ್ಲಿ ಕಟ್ಟು ಬಂತು. ಅಜ್ಜನ ಪುಳ್ಳಿ ಎಲ್ಲರಿಗಿಂತ ಮೊದಲು ಒಂದು ಪುಸ್ತಕ ಎಳೆದು, ನೆಲದ ಮೇಲೆ ಕೂತು, ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಅಜ್ಜ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

ಪುತ್ತೂರಿನ ಬಸ್ಸಿನಲ್ಲಿ ಕೂತಾಗ ಕಂಡಕ್ಟರ್, ಅವರು ಬೇರೆಯವರು, ಮೂಗರಳಿಸಿದರು.

"ಚೀಲದಲ್ಲಿ ಹಲಸು ಉಂಟಾ? ಲಗೇಜ್ ಮಾಡ್ಬೇಕು."

ಖಾಲಿ ಗೋಣಿಯನ್ನು ಕೊಡವಿ ತೋರಿಸಿದೆ. ಆಮೇಲೆ ಮುಷ್ಟಿ ಬಿಚ್ಚಿ, ಉಪ್ಪನ ಗೋರಿಯ ಹತ್ತಿರ ನೆಡಲೆಂದು ಉಳಿಸಿಕೊಂಡಿದ್ದ ಒಂದು ಬೀಜವನ್ನೂ ತೋರಿಸಿದೆ.

"ಇದಕ್ಕೆ ಎಷ್ಟು?"

"ಇದು ಇನ್ನೂ ಸಣ್ಣ ಮಗು ಮಾರಾಯ್ರೆ," ಎಂದು ಅವರು ಮುಂದೆ ಹೋದರು.